ದೊಡ್ಡ ಪಿಸ್ತೂಲು, ಹದಿನೆಂಟನೇ ತೂಬು

ಈ ಸಲದ ಜಿಲ್ಲಾ ಮಟ್ಟದ ಗಾಳಿ ಪಿಸ್ತೂಲು ಸ್ಪರ್ಧೆಯಲ್ಲಿ ಮೊದಲ ಸ್ಥಾನ ತನ್ನದಲ್ಲದೆ ಬೇರೆ ಯಾರದೂ ಅಲ್ಲ ಎಂದು ಪ್ರಭಂಜನ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಒಗ್ಗರಣೆ ಮಂಡಕ್ಕಿಯ ತಟ್ಟೆಯ ಮುಂದೆ. ಘೋಷಣೆಯನ್ನು ಕೇಳಿಸಿಕೊಂಡವಳು ಅವನ ಹೆಂಡತಿ ಪ್ರಿಯಂವದಾ ಒಬ್ಬಳೇ. ತಾಯಿ ಗೋದಾಬಾಯಿಯವರು ಮಠದ ಪ್ರವಚನಕ್ಕೆ ಹೋಗಿದ್ದರು. ಅವರು ಹೋಗಿದ್ದರಿಂದಲೇ ಘೋಷಣೆಗೆ ಬಾಯಿ ಬಂದಿತ್ತು. ಮಗ ಪಿಸ್ತೂಲು ಹಿಡಿಯುತ್ತಾನೆಂಬ ಸಂಗತಿ ಆ ಎಪ್ಪತ್ತಾರರ ತಾಯಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಗಂಡ ಹೆಂಡಿರಿಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದರು.

ಪ್ರಭಂಜನ ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಎಂಜಿನಿಯರ್. ವಯಸ್ಸು ನಲವತ್ತೊಂಬತ್ತು. ಕಾಲುವೆಯ ಹನ್ನೊಂದು ಮೈಲಿಗೂ, ಗದ್ದೆಗಳಿಗೆ ನೀರು ಬಿಡುವ ಅದರ ಇಪ್ಪತ್ತೆರಡು ತೂಬುಗಳಿಗೂ ಅವನೇ ಚಕ್ರವರ್ತಿ. ಇಂಥ ಚಕ್ರವರ್ತಿಯ ನಿದ್ದೆ ಕೆಡಿಸಿದವನು ಅದೇ ಕಚೇರಿಯ ಲೆಕ್ಕಪತ್ರ ವಿಭಾಗದ ಗುಡ್ಡಪ್ಪ. ಹೋದ ವರ್ಷ ಆ ಗುಡ್ಡಪ್ಪ ಯಾರಿಗೂ ಹೇಳದೆ ಕೇಳದೆ ಹೋಗಿ ಪಿಸ್ತೂಲು ಸ್ಪರ್ಧೆಯಲ್ಲಿ ಮೊದಲಿಗನಾಗಿ ಬಂದಿದ್ದ. ಕೊರಳಲ್ಲಿ ಹಾರ, ಕೈಯಲ್ಲಿ ಬಹುಮಾನದ ಕಪ್ಪು, ಮುಖದಲ್ಲಿ ಸಂಕೋಚ ಇರುವ ಅವನ ಫೋಟೊ ಹನ್ನೊಂದು ತಿಂಗಳಿಂದ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ನೇತಾಡುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಪ್ರಭಂಜನ ಹಾಜರಿ ಹಾಕಬೇಕು.

"ಬರದಿಟ್ಕೋ ಪ್ರಿಯಾ. ಈ ಸಲ ಕಪ್ಪು ಈ ಮನಿಗೇ ಬರ್ತದ," ಎಂದ ಪ್ರಭಂಜನ.

"ಬರಲಿ. ಟ್ಯಾಂಕಿನ ತೂತಿನ ಕೆಳಗ ಇಡಲಿಕ್ಕೆ ಒಂದು ಪಾತ್ರಿ ಬೇಕಾಗೇದ," ಎಂದಳು ಪ್ರಿಯಂವದಾ.

ಟ್ಯಾಂಕಿನ ತೂತಿನ ಕಥೆ ಹಿಂದಿನ ವಾರದ್ದು. ಪ್ರಭಂಜನ ಆರಂಭಕ್ಕೆಂದು ಒಂದು ಸಣ್ಣ ಗಾಳಿ ಪಿಸ್ತೂಲು ತಂದಿದ್ದ. ಲೈಸೆನ್ಸು ಬೇಡದ, ಜೋಳದ ಕಾಳಿನಷ್ಟು ಸೀಸದ ಗುಂಡು ಹಾರಿಸುವ, ಒಳಗೆ ಸ್ಪ್ರಿಂಗಿರುವ ಸಾಮಾನು. ತಾಯಿ ಮಠಕ್ಕೆ ಹೋದ ಹೊತ್ತು ನೋಡಿ ಮಾಳಿಗೆ ಹತ್ತಿದ. ರಟ್ಟಿನ ಡಬ್ಬಕ್ಕೆ ಗುರಿಯ ಕಾರ್ಡು ಅಂಟಿಸಿದ. ಹತ್ತು ಮೀಟರು ಅಳೆದು ನಿಂತ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಟ್ರಿಗರ್ ಎಳೆದ. ಪಿಸ್ತೂಲು ಕೈಯೊಳಗೇ ಕಪ್ಪೆಯಂತೆ ನೆಗೆಯಿತು. ಕಾರ್ಡಿಗೆ ಏನೂ ಆಗಲಿಲ್ಲ, ಡಬ್ಬಕ್ಕೂ ಏನೂ ಆಗಲಿಲ್ಲ. ಎಂಟು ಅಡಿ ಎಡಕ್ಕೆ, ಹದಿನೈದು ಬೇಸಿಗೆ ಕಂಡು ಹಪ್ಪಳವಾಗಿದ್ದ ನೀರಿನ ಟ್ಯಾಂಕಿನಿಂದ ಸಣ್ಣದೊಂದು ಕಾರಂಜಿ ಚಿಮ್ಮಿತು. ಚಿಮ್ಮಿದ್ದು ಪಕ್ಕದ ಮನೆಯ ಚೆನ್ನಬಸಮ್ಮ ತನ್ನ ಮಾಳಿಗೆಯಲ್ಲಿ ಒಣಹಾಕಿದ್ದ ಕೆಂಪು ಮೆಣಸಿನಕಾಯಿಯ ಮೇಲೆ.

"ಸರ್ರ, ಸುಡು ಸುಡು ಬಿಸಲೈತಿ, ನನ್ನ ಮೆಣಸಿನಕಾಯಿ ಮ್ಯಾಲ ಒಂದಕ್ಕs ಮಳಿ ಯಾಕ ಬಂತ್ರಿ?" ಎಂದು ಚೆನ್ನಬಸಮ್ಮ ತನ್ನ ಮಾಳಿಗೆಯಿಂದಲೇ ಕೂಗಿ ಕೇಳಿದಳು.

ಮಂಗ ಕಡಿದು ತೂತು ಮಾಡಿದೆ ಎಂದು ಪ್ರಭಂಜನ ಅವಳಿಗೆ ಹೇಳಿದ. ಮಠದಿಂದ ಬಂದ ತಾಯಿಗೂ ಅದನ್ನೇ ಹೇಳಿದ. ಗೋದಾಬಾಯಿಯವರು ಮಾಳಿಗೆ ಹತ್ತಿ ತೂತನ್ನು ನೋಡಿ, "ಮಂಗ ಇಷ್ಟು ದುಂಡಗ ಕಡೀತದೇನೋ?" ಎಂದಷ್ಟೇ ಕೇಳಿ ಇಳಿದುಬಂದಿದ್ದರು.

"ಅದರಾಗ ನನ್ನ ತಪ್ಪೇನದ?" ಎಂದ ಪ್ರಭಂಜನ, ಈಗ ಮಂಡಕ್ಕಿಗೆ ಶೇಂಗಾ ಹುಡುಕುತ್ತ. "ಪಿಸ್ತೂಲು ಸಣ್ಣದು, ಹಗುರ. ಹಾರಿಸಿದ ಕೂಡ್ಲೆ ಕೈಯಾಗ ಒದೀತದ. ತೂಕ ಇರೋ ದೊಡ್ಡದು ಇದ್ರ ಜಗ್ಗಂಗಿಲ್ಲ. ನೀ ವಿಜ್ಞಾನ ಕಲಿಸೋಕಿ, ನೀನs ಹೇಳು, ಹೌದೋ ಅಲ್ಲೋ?"

ಪ್ರಿಯಂವದಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ.

"ತೂಕ ಹೆಚ್ಚಾದ್ರ ಒದೆಯೋದು ಕಡಿಮಿ ಆಗ್ತದ, ಅದು ಖರೆ. ಆದ್ರ ನೀವು ಗುಂಡು ಹಾರೋಕಿಂತ ಮೊದಲs ಎರಡೂ ಕಣ್ಣು ಮುಚ್ಕೋತೀರಿ. ಅದಕ್ಕ ಎಷ್ಟು ಕಿಲೋ ಪಿಸ್ತೂಲು ತರ್ತೀರಿ?"

ಪ್ರಭಂಜನ ತಟ್ಟೆಯಲ್ಲಿ ಮತ್ತೆ ಶೇಂಗಾ ಹುಡುಕತೊಡಗಿದ.

"ಬ್ಯಾರೆ ಹೆಂಗಸರು ಗಂಡ ಗುಂಡು ಹಾಕ್ತಾನಂತ ಅಳ್ತಾರ. ನಾ ಗಂಡ ಗುಂಡು ಹಾರಿಸ್ತಾನಂತ ಅಳೋ ಹಂಗಾತು. ಕೇಳ್ರಿ ಇಲ್ಲಿ. ಆ ಸಣ್ಣದನ್ನ ವಾಪಸ್ ಕೊಟ್ಟು ಬರ್ರಿ. ಇನ್ನೊಂದು ಪಿಸ್ತೂಲು ಈ ಹೊಸ್ತಿಲ ದಾಟಿತು ಅಂದ್ರ ನಾ ಕಂಪ್ಲಿ ಬಸ್ಸು ಹತ್ತತೀನಿ."

ಕಂಪ್ಲಿ ಅವಳ ತವರು. ಬಸ್ಸು ಅರ್ಧ ಗಂಟೆಗೊಂದಿದೆ. ಪ್ರಭಂಜನ ತಲೆಯಾಡಿಸಿದ. ವಾಪಸ್ ಕೊಡುತ್ತೇನೆ ಎಂಬ ಅರ್ಧಕ್ಕೆ ಮಾತ್ರ ಆ ತಲೆ ಆಡಿತ್ತು.

ಬುಧವಾರ ಅರ್ಧ ದಿನ ರಜೆ ಹಾಕಿ ಅವನು ಸಂಡೂರಿಗೆ ಹೋದ. ಅಲ್ಲಿ ಹಿಂದೆ ಅದಿರಿನ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಉದ್ದನೆಯ ಶೆಡ್ಡೊಂದರಲ್ಲಿ ಪಕ್ಕೀರಪ್ಪ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ. ಬಂಡ್ರಿಯವನು, ಪೊಲೀಸ್ ಕೆಲಸದಿಂದ ನಿವೃತ್ತನಾದವನು. ಮೂವತ್ತು ವರ್ಷ ಬಂದೂಕುಗಳಿಗೆ ಎಣ್ಣೆ ಹಚ್ಚಿ ಹಚ್ಚಿ ಮಾತಿಗೂ ಎಣ್ಣೆ ಹತ್ತಿತ್ತು. ನಿಧಾನವಾಗಿ, ಜಾರಿದಂತೆ ಮಾತಾಡುತ್ತಿದ್ದ. ಎಷ್ಟು ಒರೆಸಿದರೂ ಕೆಂಪು ಧೂಳು ಹೋಗದ ಮೇಜಿನ ಮೇಲೆ ಅವನು ಮೂರು ಪಿಸ್ತೂಲು ಸಾಲಾಗಿ ಇಟ್ಟ.

"ನೋಡ್ರಿ ಸಾಹೇಬ್ರ. ಇದು ನಿಮ್ಮದs, ಮುಕ್ಕಾಲು ಕಿಲೋ. ಇದು ಒಂದು ಕಿಲೋ. ಇದು ಒಂದು ಕಿಲೋ ನಾನೂರು ಗ್ರಾಂ. ಸಣ್ಣದು ಒದೀತೈತಿ, ದೊಡ್ಡದು ಎಳೀತೈತಿ. ಯಾವುದು ತಡ್ಕೊಂತೀರಿ ನೀವs ಹೇಳ್ರಿ."

"ಎಳೀತೈತಿ ಅಂದ್ರ?"

"ಹಿಡದು ನಿಂದ್ರಿ, ಗೊತ್ತಾಗತೈತಿ."

ಪ್ರಭಂಜನ ದೊಡ್ಡದನ್ನು ಎತ್ತಿ ತೋಳು ಚಾಚಿದ. ಉದ್ದನೆಯ ನಳಿಕೆ, ಅಂಗೈಯನ್ನು ಬಾಚಿ ತಬ್ಬುವ ಮರದ ಹಿಡಿ. ತನ್ನನ್ನು ಹೀಗೆ ನಿಂತಂತೆಯೇ ಯಾರಾದರೂ ಫೋಟೊ ತೆಗೆದು ನೋಟಿಸ್ ಬೋರ್ಡಿಗೆ ಹಾಕಬಾರದೇ ಅನ್ನಿಸಿತು. ಇಪ್ಪತ್ತು ಎಣಿಸುವಷ್ಟರಲ್ಲಿ ತೋಳು ನಡುಗಿತು. ಮೂವತ್ತಕ್ಕೆ ನಳಿಕೆಯ ತುದಿ ಗೋಡೆಯಿಂದ ನೆಲಕ್ಕೆ ಇಳಿದು ಪಕ್ಕೀರಪ್ಪನ ಚಪ್ಪಲಿಯನ್ನು ನೋಡತೊಡಗಿತು. ಪಕ್ಕೀರಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ನಡುವಿಂದು ಒಯ್ರಿ ಸಾಹೇಬ್ರ. ನಿಮ್ಮ ರಟ್ಟಿಗೆ ಅದs ಸಾಕು. ಮನಿಶ್ಯಾನ ಕೈ ನೋಡಿ ಪಿಸ್ತೂಲು ಆರಿಸ್ಬೇಕು."

"ಗುಡ್ಡಪ್ಪಂದು ಎಷ್ಟು ಕಿಲೋ?"

"ಅವ್ರದು ಒಂದು ಕಿಲೋದ್ದು."

"ಹಂಗಾದ್ರ ನನಗ ದೊಡ್ಡದು."

ಗುಂಡು ತುಂಬಿ ಐದು ಸಲ ಹಾರಿಸಿದ. ಆಶ್ಚರ್ಯ ಕಾದಿತ್ತು. ಪಿಸ್ತೂಲು ಕಲ್ಲಿನ ಹಾಗೆ ಕೈಯಲ್ಲಿ ಕುಳಿತಿತ್ತು, ಒಂದಿಷ್ಟೂ ಜಿಗಿಯಲಿಲ್ಲ. ಐದು ತೂತುಗಳೂ ಕಾರ್ಡಿನ ಮೂಲೆಯೊಂದರಲ್ಲಿ ಐದು ರೂಪಾಯಿ ನಾಣ್ಯದೊಳಗೆ ಮುಚ್ಚುವಷ್ಟು ಒತ್ತಾಗಿ ಬಿದ್ದಿದ್ದವು. ನಡುವೆ ಬೀಳಲಿಲ್ಲ, ನಿಜ. ಆದರೆ ಚದುರಲಿಲ್ಲ. ಪಕ್ಕೀರಪ್ಪ ಕೂಡ ಕಾರ್ಡನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ.

"ಒಂದs ಕಡೆ ಬಿದ್ದಾವಲ್ರಿ. ಹಂಗಾದ್ರ ಒಯ್ರಿ. ತೋಳಿಗೆ ತಾಕತ್ತು ಬರ್ಬೇಕು. ಮನ್ಯಾಗ ವಜ್ಜಿದ್ದು, ಭಾರದ್ದು ಏನರ ಹಿಡ್ಕೊಂಡು ದಿನಾ ನಿಂದರ್ರಿ."

ಅಂದು ಸಂಜೆ ಮನೆಗೆ ಬಂದ ಪ್ರಭಂಜನನ ಟಿಫಿನ್ ಚೀಲದಲ್ಲಿ ಟಿಫಿನ್ ಇರಲಿಲ್ಲ. ಪ್ರಿಯಂವದಾ ಪಾತ್ರೆ ತೊಳೆಯುವ ಸದ್ದು ಕೇಳುತ್ತಿದ್ದಂತೆ ಅವನು ಮನೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದ. ಬೀರು ಅವಳದು. ಮಂಚದ ಕೆಳಗೆ ಅವಳು ದಿನಾ ಗುಡಿಸುತ್ತಾಳೆ. ಅಟ್ಟದ ಮೇಲೆ ಅವಳ ಶಾಲೆಯ ಹಳೆಯ ಪೇಪರುಗಳಿವೆ. ಅವಳು ಮುಟ್ಟದ ಜಾಗ ಮನೆಯಲ್ಲಿ ಒಂದೇ ಒಂದಿತ್ತು. ಅದು ದೇವರ ಕೋಣೆಯ ಮೂಲೆಯಲ್ಲಿದ್ದ ತಾಯಿಯ ಮಡಿ ಪೆಟ್ಟಿಗೆ. ಗೋದಾಬಾಯಿಯವರ ಪಟ್ಟೆ ಸೀರೆಗಳಿರುವ ಆ ಮರದ ಪೆಟ್ಟಿಗೆಯನ್ನು ಮೂವತ್ತು ವರ್ಷಗಳಿಂದ ಅವರಲ್ಲದೆ ಇನ್ನೊಬ್ಬರು ಮುಟ್ಟಿರಲಿಲ್ಲ. ಪ್ರಭಂಜನ ಮನಸ್ಸಿನಲ್ಲೇ ಕ್ಷಮೆ ಕೇಳಿ, ಪಿಸ್ತೂಲನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ತಳ್ಳಿದ. ಶನಿವಾರ ಸ್ಪರ್ಧೆ. ಮೂರು ದಿನದ ಮಾತು.

ಗುರುವಾರ ಏಕಾದಶಿ. ಗೋದಾಬಾಯಿಯವರಿಗೆ ನಿರ್ಜಲ ಉಪವಾಸ. ಪಡಸಾಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಒಳಗಿನ ಕೋಣೆಯಲ್ಲಿ ಮಗ ಇಸ್ತ್ರಿ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು, ತೋಳು ಚಾಚಿ, ಗೋಡೆಯನ್ನು ದುರುಗುಟ್ಟಿ ನೋಡುತ್ತ ನಿಂತಿದ್ದನ್ನು ಅವರು ಬಾಗಿಲ ಸಂದಿಯಿಂದ ಕಂಡರು. ಎಡಗೈಯಲ್ಲಿ ಫೋನಿತ್ತು. ಫೋನಿನಲ್ಲಿ ಪಕ್ಕೀರಪ್ಪನಿದ್ದ. ಅದು ಅವರಿಗೆ ಗೊತ್ತಿರಲಿಲ್ಲ.

"ಸಣ್ಣದರಾಗ ಗುರಿ ತಪ್ಪಿತ್ತು, ಖರೆ. ಅದಕ್ಕs ದೊಡ್ಡದು ತಂದೀನಲ್ಲ," ಎನ್ನುತ್ತಿದ್ದ ಮಗ. "ಶನಿವಾರ ಮುಂಜಾನೆ ಹತ್ತಕ್ಕ ಹತ್ತೂ ಗುಂಡು ನಡುವs ಹೊಡೀತೀನಿ. ಆ ಗುಡ್ಡಪ್ಪನ್ನ ಈ ಸಲ ಬಿಡಂಗಿಲ್ಲ. ಹನ್ನೊಂದು ತಿಂಗಳಿಂದ ತಡ್ಕೊಂಡೀನಿ… ಮನ್ಯಾಗ ಯಾರಿಗೂ ಗೊತ್ತಿಲ್ಲ."

ಗೋದಾಬಾಯಿಯವರ ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು. ಏನೋ ಆಫೀಸಿನ ಮಾತಿರಬೇಕು ಎಂದು ಸಮಾಧಾನ ಮಾಡಿಕೊಂಡರು. ಆ ಸಮಾಧಾನ ಉಳಿದದ್ದು ಮಾರನೇ ದಿನ ಬೆಳಗಿನ ಜಾವದವರೆಗೆ.

ದ್ವಾದಶಿಯಂದು ಸೂರ್ಯ ಹುಟ್ಟುತ್ತಿದ್ದಂತೆ ಉಪವಾಸ ಬಿಡುವ ಪಾರಣೆ ಮಾಡಬೇಕು. ಗೋದಾಬಾಯಿಯವರು ಸ್ನಾನ ಮಾಡಿ ಬಂದು ಮಡಿ ಪೆಟ್ಟಿಗೆ ತೆರೆದರು. ವಿಶೇಷ ದಿನಕ್ಕೆಂದು ಇಟ್ಟಿದ್ದ ಅಂಜೂರ ಬಣ್ಣದ ಪಟ್ಟೆ ತಳದಲ್ಲಿತ್ತು. ಎಳೆದರು. ಪಟ್ಟೆಯ ಜೊತೆ ಟವೆಲ್ಲು ಬಂತು, ಟವೆಲ್ಲು ಬಿಚ್ಚಿಕೊಂಡು ದೊಡ್ಡದೊಂದು ಪಿಸ್ತೂಲು ಅವರ ಪಾದದ ಹತ್ತಿರ ದೊಪ್ಪನೆ ಬಿತ್ತು. ಅವರು ಕೂಗಲಿಲ್ಲ. ಗೋಡೆ ಹಿಡಿದುಕೊಂಡು ನಿಂತರು. ಹತ್ತು ಗುಂಡು, ಗುಡ್ಡಪ್ಪ, ಶನಿವಾರ ಎಂಬ ಮೂರು ಮಾತು ತಲೆಯಲ್ಲಿ ಗಿರಗಿರನೆ ತಿರುಗಿದವು. ಹೊಡೆಯಲು ಹೋಗುವವನು ತಾಯಿಯ ಮಡಿ ಪೆಟ್ಟಿಗೆಯನ್ನೂ ಬಿಡಲಿಲ್ಲವಲ್ಲ ಎಂಬುದು ನಾಲ್ಕನೆಯ ದುಃಖ.

ಅವರು ದೇವರಿಗೆ ಕೈಮುಗಿದರು. ಮಡಿ ಕೆಟ್ಟದ್ದಕ್ಕೆ ಪ್ರಾಯಶ್ಚಿತ್ತ ಆಮೇಲೆ, ಮೊದಲು ಮಗ ಕೊಲೆಗಾರನಾಗುವುದು ತಪ್ಪಬೇಕು. ಪಿಸ್ತೂಲನ್ನು ಹೂಬುಟ್ಟಿಗೆ ಹಾಕಿ, ಮೇಲೆ ತುಳಸಿ ಮುಚ್ಚಿ, ಮನೆಯವರು ಏಳುವ ಮೊದಲೇ ಹೊರಟರು. ಓಣಿಯ ಕೊನೆಯ ಆಚೆಗೇ ಕಾಲುವೆ. ಹದಿನೆಂಟನೇ ತೂಬಿನ ಕಟ್ಟೆಯ ಮೇಲೆ ನಿಂತು, ಕೃಷ್ಣಾರ್ಪಣ ಎಂದು, ಒಂದು ಕಿಲೋ ನಾನೂರು ಗ್ರಾಂ ತೂಕವನ್ನು ನೀರಿಗೆ ಬಿಟ್ಟರು. ಅಲ್ಲಿಂದ ನೇರ, ಮಗನ ಕಚೇರಿಯವನೆಂದು ಮೊದಲೇ ಪರಿಚಯವಿದ್ದ ಗುಡ್ಡಪ್ಪನ ಮನೆಗೆ ಹೋದರು.

ಗುಡ್ಡಪ್ಪ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ.

"ಏನ್ರಿ ಅಮ್ಮಾರ, ಇಷ್ಟು ಜಲ್ದಿ ಬಂದ್ರಿ? ಒಳಗ ಬರ್ರಿ, ಕುಂದರ್ರಿ."

"ಕೂಡೋ ಹೊತ್ತಲ್ಲಪಾ ಗುಡ್ಡಪ್ಪ. ನಾಳೆ ಶನಿವಾರ ನೀ ಮನಿ ಬಿಟ್ಟು ಹೊರಗ ಬರಬ್ಯಾಡ. ನನ್ನ ಮಗ ನಿನ್ನ ಮ್ಯಾಲ ಹತ್ತು ಗುಂಡು ಹಾರಿಸ್ಬೇಕಂತ ಪಿಸ್ತೂಲು ತಂದಿದ್ದ. ಅದನ್ನ ನಾ ಕಾಲುವ್ಯಾಗ ಬಿಟ್ಟೀನಿ. ಇನ್ನೊಂದು ತಂದಾನೋ ಏನೋ ನನಗ ತಿಳೀದು. ನಿನಗ ಅಂವ ಏನು ಅನ್ಯಾಯ ಮಾಡ್ಯಾನೋ, ನೀ ಅವಗ ಏನು ಮಾಡಿಯೋ, ಹೆತ್ತಾಕಿ ಮುಖ ನೋಡಿ ಬಿಟ್ಟು ಬಿಡು."

ಇಷ್ಟು ಹೇಳಿ ಅವರು ಪಾರಣೆಯ ಹೊತ್ತು ಮೀರುತ್ತದೆಂದು ಹೊರಟುಹೋದರು. ಗುಡ್ಡಪ್ಪ ಬಾಯಲ್ಲಿದ್ದ ಪೇಸ್ಟು ನುಂಗಿಬಿಟ್ಟ.

ಮನೆಯಲ್ಲಿ ಎಂಟು ಗಂಟೆಗೆ ಪ್ರಭಂಜನ ತಾಯಿಯನ್ನು ದೂರದಿಂದ ಗಮನಿಸಿದ. ಅಂಜೂರ ಬಣ್ಣದ ಪಟ್ಟೆ ಉಟ್ಟಿದ್ದರು. ಅದು ಪೆಟ್ಟಿಗೆಯ ತಳದಲ್ಲಿದ್ದದ್ದು. ಪ್ರಿಯಂವದಾ ಶಾಲೆಗೆ ಹೋಗುವವರೆಗೆ ಕಾದು, ತಾಯಿಯ ಬಳಿ ಬಂದು ನಿಂತ.

"ಅಮ್ಮಾ, ಪೆಟ್ಟಿಗ್ಯಾಗ ಒಂದು ಟವೆಲ್ ಇತ್ತು…"

"ಟವೆಲ್ ಒಗದು ಹಾಕೀನಿ."

"ಅದರಾಗ ಇದ್ದದ್ದು?"

"ಕಾಲುವ್ಯಾಗ ಹಾಕೀನಿ. ಹದಿನೆಂಟನೇ ತೂಬಿನ ಹತ್ರ. ಇನ್ನ ಆ ಮಾತು ಎತ್ತಬ್ಯಾಡ. ಬಾ, ಉಣ್ಣು."

ಪ್ರಭಂಜನ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟ. ಕಾಲುವೆ ತುಂಬಿ ಹರಿಯುತ್ತಿತ್ತು. ಆರಡಿ ನೀರು. ತಾಯಿಗೆ ನಿಜ ಹೇಳಬೇಕೆಂದರೆ ಮಂಗನ ವಿಷಯದಿಂದ ಶುರು ಮಾಡಬೇಕು, ಅದು ಪ್ರಿಯಂವದೆಯ ಕಿವಿಗೆ ಬಿದ್ದರೆ ಕಂಪ್ಲಿ ಬಸ್ಸು. ಆ ಇಕ್ಕಟ್ಟಿನಲ್ಲಿ ಅವನಿಗೆ ತಾನು ಚಕ್ರವರ್ತಿ ಎಂಬುದು ನೆನಪಾಯಿತು. ಫೋನೆತ್ತಿ ಕಾಲುವೆಯ ಗೇಟು ನೋಡಿಕೊಳ್ಳುವ ಎರ್ರಿಯಪ್ಪನಿಗೆ ಆಜ್ಞೆ ಮಾಡಿದ.

"ಎರ್ರಿಯಪ್ಪ, ಮ್ಯಾಲಿನ ಗೇಟು ಇಳಿಸು. ಒಂದs ತಾಸು. ಹದಿನೆಂಟನೇ ತೂಬಿನ ಬುಡಕ ಬಿರುಕು ಬಿಟ್ಟಂಗ ಕಾಣ್ತದ. ನಾನs ಖುದ್ದು ನೋಡ್ತೀನಿ."

"ಬಿರುಕೇನ್ರಿ? ನಿನ್ನೆ ನಾ ನೋಡಿದಾಗ ಚೊಲೋ ಇತ್ತಲ್ರಿ."

"ರಾತ್ರಿ ಬಿಟ್ಟದ."

ಹತ್ತು ಗಂಟೆಗೆ ಕಾಲುವೆಯ ನೀರು ಮೊಣಕಾಲಿಗೆ ಇಳಿದಿತ್ತು. ಪ್ರಭಂಜನ ಪ್ಯಾಂಟು ಮಡಚಿ ಇಳಿದ. ಕೆಸರು ಮೀನಖಂಡದವರೆಗೆ ಬಂತು. ಕೈಹಾಕಿ ಹುಡುಕಿದ. ಒಂದು ಚಪ್ಪಲಿ ಸಿಕ್ಕಿತು, ಒಂದು ಒಡೆದ ಗಡಿಗೆ ಸಿಕ್ಕಿತು, ಯಾರೋ ಬಿಟ್ಟ ಗಣಪನ ಸೊಂಡಿಲು ಸಿಕ್ಕಿತು. ಕಟ್ಟೆಯ ಮೇಲೆ ಎರ್ರಿಯಪ್ಪ ಒಂದು ಚೀಲ ಸಿಮೆಂಟು, ಎರಡು ಬುಟ್ಟಿ ಮರಳು ತಂದು, ಇಬ್ಬರು ಗೌಂಡಿಗಳನ್ನು ಕರೆದುಕೊಂಡು ಬಂದು ಸನ್ನದ್ಧನಾಗಿ ನಿಂತಿದ್ದ.

ಅಷ್ಟರಲ್ಲಿ ಕೆಳಗಿನ ಗದ್ದೆಯವರು ಬಂದರು. ಕಬ್ಬಿಗೆ ನೀರು ಬಿಟ್ಟುಕೊಂಡವರು, ನೀರು ನಡುವೆಯೇ ನಿಂತುಹೋದದ್ದಕ್ಕೆ ಸಿಟ್ಟಾದವರು, ಏಳೆಂಟು ಜನ. ಅವರಲ್ಲಿ ಹಿರಿಯನಾದ ಚನ್ನಯ್ಯ ಸೊಂಟದ ಮೇಲೆ ಕೈಯಿಟ್ಟು ಕೇಳಿದ.

"ನಮ್ಮ ಪಾಳಿ ಇವತ್ತರೀ ಸಾಹೇಬ್ರ. ಹದಿನೈದು ದಿನಕ್ಕ ಒಮ್ಮೆ ಬರ್ತೈತಿ. ಯಾರನ್ನ ಕೇಳಿ ನಿಲ್ಲಿಸೀರಿ?"

"ಐದs ನಿಮಿಷ ಚನ್ನಯ್ಯ. ಬಿರುಕು ಅದ."

"ಎಲ್ಲಿ ಐತಿ ತೋರಿಸ್ರಿ ನೋಡಾನು."

ಪ್ರಭಂಜನ ಬೆವರೊರೆಸಿಕೊಂಡು ಮತ್ತೆ ಬಗ್ಗಿದ. ಆಗ ಕಟ್ಟೆಯ ಮೇಲೆ ಧೂಳೆಬ್ಬಿಸುತ್ತ ಪೊಲೀಸ್ ಜೀಪು ಬಂದು ನಿಂತಿತು. ಗುಡ್ಡಪ್ಪ ಬೆಳಿಗ್ಗೆ ಮುಖ ತೊಳೆಯದೆ ನೇರ ಠಾಣೆಗೆ ಹೋಗಿದ್ದ. ಹೆಡ್ ಕಾನ್‌ಸ್ಟೇಬಲ್ ಮಾಲತೇಶ್, ಆಯುಧ ಎಸೆದ ಜಾಗ ತೋರಿಸಲು ಗೋದಾಬಾಯಿಯವರನ್ನೂ ಕರೆದುಕೊಂಡು ಬಂದಿದ್ದ. ಅತ್ತೆ ಪೊಲೀಸ್ ಜೀಪು ಹತ್ತಿದ ಸುದ್ದಿಯನ್ನು ಚೆನ್ನಬಸಮ್ಮ ಫೋನಿನಲ್ಲಿ ಶಾಲೆಗೆ ಮುಟ್ಟಿಸಿದ್ದರಿಂದ ಪ್ರಿಯಂವದೆಯ ಸ್ಕೂಟರೂ ಜೀಪಿನ ಬೆನ್ನಿಗೇ ಬಂತು. ಎಲ್ಲರೂ ಇಳಿದು ಕಟ್ಟೆಯಂಚಿಗೆ ಬಂದು ಕೆಳಗೆ ನೋಡುವುದಕ್ಕೂ, ಪ್ರಭಂಜನನ ಬೆರಳಿಗೆ ಮರದ ಹಿಡಿ ತಾಕುವುದಕ್ಕೂ ಸರಿಹೋಯಿತು.

"ಸಿಕ್ತು," ಎಂದು ಅವನು ನೆಟ್ಟಗಾದ.

ಕೆಸರು ಸುರಿಯುತ್ತಿದ್ದ ಉದ್ದನೆಯ ಪಿಸ್ತೂಲು ಅವನ ಚಾಚಿದ ಬಲಗೈಯಲ್ಲಿತ್ತು. ಇಸ್ತ್ರಿ ಪೆಟ್ಟಿಗೆಯ ಅಭ್ಯಾಸದಿಂದಲೋ ಏನೋ, ತೋಳು ತಾನಾಗಿಯೇ ಹೆಗಲೆತ್ತರಕ್ಕೆ ಎದ್ದು ನಿಂತಿತ್ತು. ನಳಿಕೆ ನೇರ ಗುಡ್ಡಪ್ಪನ ಎದೆಯನ್ನು ನೋಡುತ್ತಿತ್ತು.

ಚನ್ನಯ್ಯನ ಕೈ ಸೊಂಟದಿಂದ ಜಾರಿತು. ಗೌಂಡಿಗಳಿಬ್ಬರೂ ಮರಳಿನ ಬುಟ್ಟಿಯ ಹಿಂದೆ ಕೂತರು. ಗುಡ್ಡಪ್ಪ ಎರಡೂ ಕೈ ಮೇಲೆತ್ತಿ, "ಸರ್ರ, ನಿಮ್ಮ ಮೆಡಿಕಲ್ ಬಿಲ್ಲು ಇವತ್ತs ಪಾಸು ಮಾಡ್ತೀನ್ರಿ," ಎಂದು ಅಲ್ಲಿಯೇ ಕುಸಿದ. ಹೆಡ್ ಕಾನ್‌ಸ್ಟೇಬಲ್ ಸೊಂಟಕ್ಕೆ ಕೈಹಾಕಿದ. ಸೊಂಟದಲ್ಲಿ ಲಾಠಿ ಮಾತ್ರ ಇತ್ತು. ಆ ಗಲಿಬಿಲಿಯಲ್ಲಿ ಎರ್ರಿಯಪ್ಪ ಒಬ್ಬನೇ ಪ್ರಾಮಾಣಿಕವಾಗಿ ಕೇಳಿದ.

"ಬಿರುಕು ಸಿಕ್ತೇನ್ರಿ ಸಾಹೇಬ್ರ?"

ಪ್ರಿಯಂವದಾ ಕಟ್ಟೆಯ ತುದಿಗೆ ಬಂದಳು. ಅವಳ ಮುಖ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಕೈ ಕೆಳಗ ಇಳಸ್ರಿ. ಏನದು ಅಂತ ಎಲ್ಲಾರಿಗೂ ಹೇಳ್ರಿ."

ಪ್ರಭಂಜನ ಕೆಸರಿನಲ್ಲಿ ನಿಂತೇ ಹೇಳಿದ. ಗಾಳಿ ಪಿಸ್ತೂಲು ಎಂಬುದನ್ನು ಹೇಳಿದ, ಸ್ಪರ್ಧೆಯನ್ನು ಹೇಳಿದ, ಸಣ್ಣದು ಒದೆಯುವುದನ್ನು, ದೊಡ್ಡದು ಒದೆಯದಿರುವುದನ್ನು ಹೇಳಿದ. ಮಡಿ ಪೆಟ್ಟಿಗೆಯ ವಿಷಯಕ್ಕೆ ಬಂದಾಗ ದನಿ ಇಳಿಯಿತು. ಬಿರುಕಿನ ವಿಷಯಕ್ಕೆ ಬಂದಾಗ ದನಿಯೇ ಹೊರಡಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಪಿಸ್ತೂಲನ್ನೂ ಪ್ರಭಂಜನನ ಜೇಬಿನಲ್ಲಿದ್ದ ಅದರ ರಸೀದಿಯನ್ನೂ ತಿರುಗಿಸಿ ಮುರುಗಿಸಿ ನೋಡಿದ. ಫೋನಿನಲ್ಲಿ ಪಕ್ಕೀರಪ್ಪನನ್ನು ಹಿಡಿದು ವಿಚಾರಿಸಿದ. ಕೊನೆಗೆ ಗುಡ್ಡಪ್ಪನಿಗೆ ನೀರು ಕುಡಿಸುತ್ತ, "ನಿಮ್ಮದೂ ಒಂದು ಐತಂತಲ್ರಿ ಮನ್ಯಾಗ, ಒಂದು ಕಿಲೋದ್ದು. ಮದ್ಲs ಹೇಳಬಾರದs?" ಎಂದ.

ಚನ್ನಯ್ಯ ಇದನ್ನೆಲ್ಲ ಕೇಳಿಸಿಕೊಂಡು ಕಟ್ಟೆಯಂಚಿಗೆ ಬಂದ.

"ಅಂದ್ರ, ನಿಮ್ಮ ಆಟಗಿ ಸಾಮಾನು ಹುಡುಕಾಕ ನಮ್ಮ ಕಬ್ಬು ಒಣಗಿಸಿದ್ರಿ."

ಅದು ಪ್ರಶ್ನೆಯಾಗಿರಲಿಲ್ಲ. ಕೆಸರು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ ಪ್ರಭಂಜನ ಆ ಏಳೆಂಟು ಜನರಿಗೆ ತಪ್ಪಾಯಿತು ಎಂದ. ಜೀವಮಾನದಲ್ಲಿ ಅವನು ಅಷ್ಟು ಮನಸಾರೆ ಕೈಮುಗಿದದ್ದು ಕಡಿಮೆ. ಗೇಟು ಎತ್ತಿದರು. ಚನ್ನಯ್ಯನ ಪಾಳಿಯನ್ನು ಒಂದು ದಿನ ಹೆಚ್ಚಿಸಿಕೊಟ್ಟರು. ಸಂಜೆಯೊಳಗೆ ಕಾಲುವೆ ಏಕೆ ನಿಂತಿತೆಂದು ಕಾರಣ ಕೇಳುವ ಮೆಮೊ ಪ್ರಭಂಜನನ ಮೇಜಿಗೆ ಬಂತು. ಅವನು ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ನಿಜವನ್ನೇ ಬರೆದ. ಮೇಲಧಿಕಾರಿಗಳು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿ, ಎಚ್ಚರಿಕೆ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದರು. ಮುಂದೆ ಇಂಥದ್ದಾದರೆ ಕೆಲಸ ಇರುವುದಿಲ್ಲ ಎಂದು ಬಾಯಲ್ಲಿ ಹೇಳಿದರು.

ಮನೆಗೆ ಬಂದಾಗ ಪ್ರಿಯಂವದಾ ಬಸ್ಸು ಹತ್ತಿರಲಿಲ್ಲ. ಅತ್ತೆಯ ಪಕ್ಕದಲ್ಲಿ ಕೂತಿದ್ದಳು.

"ಬಸ್ ಹತ್ತಬೇಕಂತಿದ್ದೆ. ಅತ್ಯಾ ಒಬ್ರನ್ನ ನಿಮ್ಮ ಜೋಡಿ ಬಿಟ್ಟು ಹೋಗಲಿಕ್ಕೆ ಧೈರ್ಯ ಆಗ್ಲಿಲ್ಲ," ಎಂದಳು.

ಗೋದಾಬಾಯಿಯವರು ಮಗನ ಮುಖ ನೋಡಿದರು. "ಆಟ ಅಂತ ಹೇಳಿದ್ರ ನಾ ಬ್ಯಾಡ ಅಂತಿದ್ನೇನೋ? ನಾಳೆ ಹೋಗು. ಇಷ್ಟು ಮಂದಿ ಮುಂದ ಹೋದ ಮಾನ ಒಂದೀಟರ ಬರಲಿ."

ಪಕ್ಕೀರಪ್ಪ ಸಂಡೂರಿನಿಂದ ಬಂದು ಪಿಸ್ತೂಲನ್ನು ಬಿಚ್ಚಿ, ಒಣಗಿಸಿ, ಎಣ್ಣೆ ಹಚ್ಚಿ, ಕಟ್ಟಿಕೊಟ್ಟ.

ಶನಿವಾರ ಸಮುದಾಯ ಭವನದಲ್ಲಿ ಸ್ಪರ್ಧೆ. ಸಾಲಾಗಿ ಎಂಟು ಜನ ನಿಲ್ಲಬೇಕು, ಎದುರಿಗೆ ಹತ್ತು ಮೀಟರಿನಾಚೆ ಎಂಟು ಕಾರ್ಡು. ಹತ್ತು ಹತ್ತು ಗುಂಡು. ಚೀಟಿ ಎತ್ತಿದಾಗ ಪ್ರಭಂಜನನಿಗೆ ನಾಲ್ಕನೇ ಜಾಗ, ಗುಡ್ಡಪ್ಪನಿಗೆ ಐದನೆಯದು ಬಂತು. ಗುಡ್ಡಪ್ಪ ಹೌದೋ ಅಲ್ಲವೋ ಎಂಬಂತೆ ನಕ್ಕು, ಒಂದು ಹೆಜ್ಜೆ ಆಚೆ ಸರಿದು ನಿಂತ. ಅವನ ಕೈ ಇನ್ನೂ ನಡುಗುತ್ತಿತ್ತು. ಗೋದಾಬಾಯಿಯವರೂ ಪ್ರಿಯಂವದೆಯೂ ಮೊದಲ ಸಾಲಿನ ಕುರ್ಚಿಯಲ್ಲಿದ್ದರು.

ಪ್ರಭಂಜನ ದೊಡ್ಡ ಪಿಸ್ತೂಲನ್ನು ಎತ್ತಿದ. ತೋಳು ನಡುಗಲಿಲ್ಲ. ನಿನ್ನೆಯ ಅವಮಾನವೆಲ್ಲ ಹೆಪ್ಪುಗಟ್ಟಿ ಅವನನ್ನು ಕಂಬ ಮಾಡಿತ್ತು. ಕಣ್ಣು ತೆರೆದೇ ಇತ್ತು. ಒಂದು, ಎರಡು, ಮೂರು. ಪಿಸ್ತೂಲು ಜಗ್ಗಲಿಲ್ಲ, ಒದೆಯಲಿಲ್ಲ, ಎಳೆಯಲೂ ಇಲ್ಲ. ಪ್ರತಿ ಗುಂಡೂ ಕಪ್ಪು ವೃತ್ತದ ನಡುವೆ ಹೋಗಿ ಕೂಡುವುದು ಅವನಿಗೇ ಕಾಣುತ್ತಿತ್ತು. ಹತ್ತನೆಯದನ್ನು ಹಾರಿಸಿ ಪಿಸ್ತೂಲು ಕೆಳಗಿಟ್ಟಾಗ ಎದೆ ತುಂಬಿ ಬಂತು. ಹಿಂದೆ ನಿಂತಿದ್ದ ಪಕ್ಕೀರಪ್ಪ ಮಾತ್ರ ಯಾಕೋ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದ.

ತೀರ್ಪುಗಾರರು ಕಾರ್ಡುಗಳನ್ನು ಬಿಚ್ಚಿ ತಂದರು. ನಾಲ್ಕನೆಯದನ್ನು ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು.

"ಪ್ರಭಂಜನ ಅವರ, ನಿಮ್ಮ ಕಾರ್ಡಿನ್ಯಾಗ ಒಂದೂ ತೂತಿಲ್ರಿ."

ಪ್ರಭಂಜನ ಕಾರ್ಡನ್ನು ಕಸಿದುಕೊಂಡು ತಾನೂ ಬೆಳಕಿಗೆ ಹಿಡಿದ. ತೀರ್ಪುಗಾರರು ಗುಡ್ಡಪ್ಪನ ಐದನೇ ಕಾರ್ಡು ಎತ್ತಿದರು. ಅದರಲ್ಲಿ ಹತ್ತೊಂಬತ್ತು ತೂತುಗಳಿದ್ದವು. ಒಂಬತ್ತು ತೂತು ಅಂಚಿನಲ್ಲಿ, ಮೂಲೆಯಲ್ಲಿ, ಅಲ್ಲೊಂದು ಇಲ್ಲೊಂದು; ಇನ್ನೊಂದು ಗುಂಡು ಕಾರ್ಡನ್ನೇ ಮುಟ್ಟದೆ ಗೋಡೆಗೆ ಹೋಗಿತ್ತು. ಹತ್ತು ತೂತು ನಟ್ಟನಡುವೆ, ಒಂದಕ್ಕೊಂದು ಅಂಟಿಕೊಂಡು. ಅಂಥ ಗುಂಪನ್ನು ಈ ಜಿಲ್ಲೆಯಲ್ಲಿ ತಾವು ನೋಡಿಯೇ ಇಲ್ಲ ಎಂದರು ತೀರ್ಪುಗಾರರು. ಯಾರ ಗುಂಡು ಯಾವುದೆಂದು ಹೇಳಲು ಬರುವುದಿಲ್ಲ, ಅಂಥ ಹೊತ್ತಿನಲ್ಲಿ ಕಾರ್ಡು ಯಾರದೋ ಒಳ್ಳೆಯ ಹತ್ತು ಅವರಿಗೆ ಎಂಬ ನಿಯಮವಿದೆ ಎಂದು ವಿವರಿಸಿದರು. ಪ್ರಭಂಜನನಿಗೆ ಸೊನ್ನೆ ಬಂತು. ಗುಡ್ಡಪ್ಪ ಮೊದಲಿಗನಾದ, ಹೊಸ ದಾಖಲೆಯೊಂದಿಗೆ.

ಗೋದಾಬಾಯಿಯವರು ಏನೂ ಅರ್ಥವಾಗದೆ ಸೊಸೆಯ ಮುಖ ನೋಡಿದರು. ಪ್ರಿಯಂವದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಹೆಗಲು ಕುಲುಕುತ್ತಿತ್ತು. ನಗುವೋ ಅಳುವೋ ಹೇಳುವಂತಿರಲಿಲ್ಲ.

ಹಾರ ಹಾಕಿಸಿಕೊಂಡು, ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡಪ್ಪ ನೇರ ಪ್ರಭಂಜನನ ಹತ್ತಿರ ಬಂದ. ಅವನ ಮುಖದಲ್ಲಿ ಹೆದರಿಕೆಯ ಸುಳಿವೂ ಉಳಿದಿರಲಿಲ್ಲ.

"ಸರ್ರ, ಮುಂದಿನ ತಿಂಗಳು ರಾಜ್ಯ ಮಟ್ಟದ್ದು ಐತ್ರಿ," ಎಂದ ಅವನು, ಎರಡೂ ಕೈಯಿಂದ ಪ್ರಭಂಜನನ ಬಲಗೈ ಹಿಡಿದುಕೊಂಡು. "ಯಾರ ಕೈಕಾಲು ಹಿಡದಾರ ನಿಮ್ಮ ಹೆಸರು ಬರಸ್ತೀನ್ರಿ. ಏನರ ಮಾಡಿ ನನ್ನ ಬಾಜೂಕs ನಿಂದರ್ರಿ."